ಜಿಪ್ಪಣ್ಣ ಹೊಲಿದ ಸೋರುವ ಚೀಲ

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಆದರೆ ಅದು ಬ್ಯಾಂಕಿನವರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ಸೂಟ್‌ಕೇಸು, ಸ್ಕೂಲ್ ಬ್ಯಾಗು, ಹೆಂಗಸರ ಪರ್ಸು, ಯಾವುದರ ಜಿಪ್ಪು ಕಚ್ಚಿಕೊಂಡರೂ ಜನ ಅವನ ಅಂಗಡಿಗೇ ಓಡಿ ಬರುತ್ತಿದ್ದರು. ಹಾಗಾಗಿ ಬೀದಿಗೆಲ್ಲ ಅವನು ಜಿಪ್ಪಣ್ಣ. ಹೆಂಡತಿ ಮಾತ್ರ 'ರೀ' ಅನ್ನುತ್ತಿದ್ದಳು, ಕೋಪ ಬಂದಾಗ ಅದೂ ಇಲ್ಲ.

ಅಂಗಡಿ ಅಂದರೆ ಒಂದು ಉದ್ದನೆಯ ಕೋಣೆ, ಎರಡು ಹೊಲಿಗೆ ಮೆಷಿನ್ನು. ಅವನದು ಬಾಗಿಲ ಬಳಿ, ಬೀದಿ ಬೆಳಕಿನಲ್ಲಿ. ಅವಳದು ಒಳಗೆ, ಗೋಡೆಗೆ ಮುಖ ಮಾಡಿಕೊಂಡು, ಹಗಲಲ್ಲೂ ಬಲ್ಬು ಹಾಕಿಕೊಳ್ಳಬೇಕಾದ ಜಾಗದಲ್ಲಿ. ನಾಜೂಕಿನ ಹೊಲಿಗೆಯೆಲ್ಲ ಅವಳದೇ, ಬೆಳಕು ಬೇಕಾದದ್ದೂ ಅವಳಿಗೇ. ಆದರೂ "ಬೀದಿ ಧೂಳು ನಿನಗೆ ಆಗಲ್ಲ ಕಣೇ" ಎಂದು ಜಿಪ್ಪಣ್ಣ ಮದುವೆಯಾದ ಹೊಸದರಲ್ಲೇ ಅವಳ ಮೆಷಿನ್ನನ್ನು ಒಳಗೆ ಹಾಕಿಸಿದ್ದ. ಧೂಳಿನ ಮೇಲೆ ಅವನಿಗೇನೂ ದ್ವೇಷವಿರಲಿಲ್ಲ. ಬೀದಿಯಲ್ಲಿ ಗಂಡಸರು ಓಡಾಡುತ್ತಾರೆ, ಅಷ್ಟೇ ಕಾರಣ.

ಹೌದು, ಅವನಿಗಿದ್ದದ್ದು ಅದೊಂದೇ ರೋಗ. ಕುಡಿಯುವವನಲ್ಲ, ಕೈ ಎತ್ತುವವನಲ್ಲ, ಯಾರ ತಂಟೆಗೂ ಹೋಗುವವನಲ್ಲ. ಆದರೆ ಹೆಂಡತಿ ಇನ್ನೊಬ್ಬರ ಜೊತೆ ನಕ್ಕರೆ ಸಾಕು, ಹೊಟ್ಟೆಯೊಳಗೆ ಯಾರೋ ಕೆಂಡ ಸುರಿದ ಹಾಗಾಗುತ್ತಿತ್ತು. ಹಾಲಿನವನು ಪಾಪ ಒಳ್ಳೆಯವನು ಎಂದು ಅವಳು ಒಮ್ಮೆ ಬಾಯಿ ತಪ್ಪಿ ಹೇಳಿದ್ದಕ್ಕೆ ಮಾರನೆಯ ದಿನದಿಂದ ಆ ಹಾಲು ಬಂದ್. ಬಸ್ಸಿನಲ್ಲಿ ಅವಳಿಗೆ ಯಾವತ್ತೂ ಕಿಟಕಿ ಪಕ್ಕದ ಸೀಟು. ಅದು ಗಾಳಿಗಾಗಿ ಎಂದು ಅವಳು ತಿಳಿದುಕೊಂಡರೆ ತಿಳಿದುಕೊಳ್ಳಲಿ. ರೇಡಿಯೋದಲ್ಲಿ ಬೆಳಗ್ಗೆ ಸುದ್ದಿ ಓದುವವನ ದನಿ ಚೆನ್ನಾಗಿದೆ ಎಂದಳು. ಆಮೇಲೆ ಆ ರೇಡಿಯೋ ಬಾಯಿಬಿಟ್ಟದ್ದೇ ಕಡಿಮೆ. ಅವಳೋ, ಎಂಥ ಸಿಡುಕು ಮೋರೆಯವನನ್ನೂ ಎರಡು ಮಾತಿನಲ್ಲಿ ನಗಿಸಿಬಿಡುವವಳು. ಇಂಥವಳನ್ನು ಕಟ್ಟಿಕೊಂಡು ಇಂಥವನು ಇಷ್ಟು ವರ್ಷ ಹೇಗೆ ಬಾಳಿದ ಎಂದು ಕೇಳಿದರೆ, ಹೊಟ್ಟೆ ಉರಿಸಿಕೊಂಡೇ ಬಾಳಿದ ಎನ್ನಬೇಕು.

ಅದೇ ಬೀದಿಯ ಮೂಲೆಯ ಕಟ್ಟಡದಲ್ಲಿ ಒಬ್ಬ ವಕೀಲಮ್ಮನ ಕಚೇರಿ ಇತ್ತು. ಒಂದು ಮಧ್ಯಾಹ್ನ ಆಕೆ ಒಂದು ಸಣ್ಣ ಕಪ್ಪು ಚೀಲ ತಂದು ಜಿಪ್ಪಣ್ಣನ ಮೆಷಿನ್ನಿನ ಮೇಲಿಟ್ಟರು.

"ಇಂಥದ್ದು ಹೊಲಿದುಕೊಡ್ತೀರಾ? ನನಗೆ ತುಂಬಾ ಬೇಕು."

ಜಿಪ್ಪಣ್ಣ ಅದನ್ನು ಅತ್ತಿತ್ತ ತಿರುಗಿಸಿ ನೋಡಿದ. "ಇದರಲ್ಲೇನಿದೆ ಮೇಡಂ? ಕನ್ನಡಕ ಹಾಕೋ ಚೀಲದ ಹಾಗಿದೆ."

"ನಿಮ್ಮ ಫೋನು ಅದರೊಳಗೆ ಹಾಕಿ, ಬಾಯಿ ಮಡಚಿ. ಈಗ ಯಾರಾದ್ರೂ ಫೋನ್ ಮಾಡಲಿ ನೋಡೋಣ."

ಒಳಗಿನಿಂದ ಹೆಂಡತಿ ಮಾಡಿದಳು. ಚೀಲ ಉಸಿರೆತ್ತಲಿಲ್ಲ. ಮತ್ತೊಮ್ಮೆ ಮಾಡಿದಳು, ಆಗಲೂ ಇಲ್ಲ. ವಕೀಲಮ್ಮ ಚೀಲದ ಒಳಮೈಯನ್ನು ಹೊರಗೆಳೆದು ತೋರಿಸಿದರು: ಸಣ್ಣ ಲೋಹದ ಎಳೆ ಸೇರಿಸಿ ನೇಯ್ದ, ಬೆಳ್ಳಿಯ ಹಾಗೆ ಮಿರುಗುವ ಬಟ್ಟೆಯ ಅಸ್ತರು. ಅದರೊಳಗೆ ಸಿಗ್ನಲ್ಲು ಹೋಗುವುದಿಲ್ಲ, ಅದರೊಳಗಿಂದ ಬರುವುದೂ ಇಲ್ಲ. ಫೋನು ಎಲ್ಲಿದೆ ಎಂದು ಫೋನೇ ಯಾರಿಗೂ ಹೇಳುವ ಹಾಗಿಲ್ಲ.

"ಕೆಲವು ಹೆಂಗಸರ ಫೋನಿನಲ್ಲಿ ಅವರ ಗಂಡಂದಿರೇ ಏನೇನೋ ಹಾಕಿಟ್ಟಿರ್ತಾರೆ. ಇವರು ಎಲ್ಲಿ ಹೋದ್ರೂ ಆ ಗಂಡಂದಿರಿಗೆ ಗೊತ್ತಾಗುತ್ತೆ. ಫೋನು ಬಿಸಾಕೋ ಹಾಗೂ ಇಲ್ಲ, ಕೋರ್ಟಿಗೆ ಬೇಕಾದ ಫೋಟೋ, ಮೆಸೇಜು ಎಲ್ಲ ಅದರಲ್ಲೇ ಇರುತ್ತೆ."

"ಆಫ್ ಮಾಡಿದ್ರೆ ಆಗಲ್ವಾ ಮೇಡಂ?" ಒಳಗಿನಿಂದ ಹೆಂಡತಿ ಕೇಳಿದಳು.

"ಆಫ್ ಆದ ಹಾಗೆ ನಟಿಸೋ ಫೋನೂ ಉಂಟಮ್ಮ. ಚೀಲಕ್ಕೆ ಹಾಕಿದ್ರೆ ಆ ಅನುಮಾನವೇ ಇಲ್ಲ."

ಅನುಮಾನವೇ ಇಲ್ಲ ಎಂಬ ಮಾತು ಆ ಅಂಗಡಿಯಲ್ಲಿ ಕೇಳಿಬಂದದ್ದು ಅದೇ ಮೊದಲು.

ಕೆಲಸ ನೋಡಿದಷ್ಟು ಸುಲಭವಿರಲಿಲ್ಲ. ಜಿಪ್ಪಣ್ಣ ಹೊಲಿದ ಮೊದಲ ಚೀಲದೊಳಗಿಂದ ಫೋನು ಕೋಳಿಮರಿಯ ಹಾಗೆ ಕೂಗಿತು. ಎರಡನೆಯದೂ ಕೂಗಿತು. ಹೊಲಿಗೆಯ ಸಾಲಿನಲ್ಲೇ ಸೋರುತ್ತಿದೆ ಎಂದು ಅವನು ಅಸ್ತರನ್ನು ಎರಡು ಪದರ ಮಾಡಿ, ಅಂಚನ್ನು ಮಡಚಿ, ಮೇಲೆ ಮತ್ತೊಮ್ಮೆ ಮಡಚಿ ಹೊಲಿದ. ಬಾಯಿಯನ್ನೂ ಎರಡು ಸಲ ಮಡಚಬೇಕು ಎಂದು ಕಂಡುಹಿಡಿದದ್ದು ಹೆಂಡತಿ. ಅಲ್ಲಿಂದ ಮುಂದೆ ಒಂದು ಪದ್ಧತಿ ಬಿತ್ತು. ಒಂದೊಂದು ಚೀಲ ಮುಗಿದಾಗಲೂ ಅವನು ತನ್ನ ಫೋನು ಅದರೊಳಗೆ ಹಾಕಿ ಬಾಯಿ ಮಡಚುವುದು, ಅವಳು ಒಳಗಿನಿಂದ ಕರೆ ಮಾಡುವುದು. ಕೂಗಿದರೆ ಹೊಲಿಗೆ ಬಿಚ್ಚುವುದು, ಕೂಗದಿದ್ದರೆ ಪಾಸು.

"ಆಗ್ತಿದೆಯೇನೇ?" ಎಂದು ಅವನು ಬಾಗಿಲ ಬಳಿಯಿಂದ ಕೇಳುವನು.

"ಇಲ್ಲ ಬಿಡಿ. ನೀವು ಕೈಗೆ ಸಿಗೋ ಗಂಡಸಲ್ಲ" ಎಂದು ಅವಳು ಒಳಗಿನಿಂದ ಹೇಳುವಳು. ದಿನಕ್ಕೆಷ್ಟು ಸಲವಾದರೂ ಅದೇ ಮಾತು, ಇಬ್ಬರಿಗೂ ಅದೇ ನಗು. ಅವರ ಸಂಸಾರದಲ್ಲಿ ಆ ಚೀಲದ ದಿನಗಳಷ್ಟು ನೆಮ್ಮದಿಯ ದಿನಗಳು ಹಿಂದೆ ಬಂದಿರಲಿಲ್ಲ.

ವಕೀಲಮ್ಮ ಚೀಲ ಒಯ್ಯಲು ಬಂದಾಗಲೆಲ್ಲ ಹೆಂಡತಿಯ ಜೊತೆ ಎರಡು ಮಾತಾಡಿ ಹೋಗುವರು. ಹಾಗೆ ಮಾತಾಡಿ ಮಾತಾಡಿ ಒಂದು ದಿನ ಅವಳನ್ನು ಕೇಳಿಯೇಬಿಟ್ಟರು. ಆ ರಾತ್ರಿ ಊಟಕ್ಕೆ ಕೂತಾಗ ಅವಳು ಗಂಡನಿಗೆ ಹೇಳಿದಳು.

"ಮನೆ ಬಿಟ್ಟು ಬಂದ ಹೆಂಗಸರಿಗೆ ಅಂತ ಒಂದು ಮನೆ ಇದೆಯಂತೆ ರೀ. ಅಲ್ಲಿ ವಾರಕ್ಕೆರಡು ಸಂಜೆ ಹೊಲಿಗೆ ಹೇಳಿಕೊಡ್ತೀಯಾ ಅಂದ್ರು. ಹೂಂ ಅಂದೆ."

"ಎಲ್ಲಿ?"

"ಅದು ಹೇಳೋ ಹಾಗಿಲ್ಲ. ಅಲ್ಲಿರೋರ ಜೀವದ ಪ್ರಶ್ನೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಯಾರಿಗೂ ಅಂದ್ರೆ ನಾನೂನಾ?"

"ನೀವೇ ಮೊದಲು" ಎಂದು ಅವಳು ನಕ್ಕಳು. "ಬೀಗದವನ ಹತ್ರ ಬಾಯಿ ಬಿಡದೆ ಇರ್ತೀರಾ ನೀವು?"

ಬೀಗದವನು ಅಂದರೆ ಪಕ್ಕದ ಗೂಡಂಗಡಿಯಲ್ಲಿ ಕೀಲಿಕೈ ಮಾಡಿಕೊಡುವವನು. ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಜಿಪ್ಪಣ್ಣನಿಗೆ ಆ ಮಾತು ಹಿಡಿಸಲಿಲ್ಲ. ತಾನು ಕಟ್ಟಿಕೊಂಡವಳು ಹೋಗುವ ಜಾಗ ತನಗೊಬ್ಬನಿಗೆ ಗೊತ್ತಾಗಬಾರದಂತೆ! ಆ ರಾತ್ರಿ ಅವನು ಗೋಡೆ ಕಡೆ ತಿರುಗಿ ಮಲಗಿದ.

ಹೋಗುವ ದಿನ ಅವಳು ಒಳ್ಳೆಯ ಚಪ್ಪಲಿ ಹಾಕಿಕೊಂಡು, ತಲೆ ಬಾಚಿಕೊಂಡು, ಅಂಚೆ ಕಚೇರಿಯ ಮೂಲೆಯವರೆಗೆ ನಡೆದು ಹೋಗುವಳು. ಅಲ್ಲಿಗೆ ಆ ಮನೆಯ ವ್ಯಾನು ಬರುತ್ತಿತ್ತು. ವ್ಯಾನಿನ ಬಾಗಿಲಲ್ಲೇ ಎಲ್ಲರೂ ಫೋನನ್ನು ಚೀಲಕ್ಕೆ ಹಾಕಬೇಕು, ಡ್ರೈವರನೂ ಹಾಕಬೇಕು, ವಕೀಲಮ್ಮ ಬಂದರೆ ಅವರೂ ಹಾಕಬೇಕು. ಅದು ಆ ಮನೆಯ ಕಟ್ಟುನಿಟ್ಟು. ಹೆಂಡತಿಯ ಚೀಲ ಗಂಡ ಹೊಲಿದದ್ದೇ. ಎರಡು ಪದರ, ಎರಡು ಮಡಿಕೆ, ಪಕ್ಕಾ ಕೆಲಸ. ಜಿಪ್ಪಣ್ಣ ಫೋನು ಮಾಡಿದರೆ ಆಚೆ ಕಡೆಯಿಂದ ಯಾವುದೋ ಹೆಂಗಸಿನ ದನಿ, ನೀವು ಕರೆ ಮಾಡಿದವರು ಸಂಪರ್ಕಕ್ಕೆ ಸಿಗುತ್ತಿಲ್ಲ ಎಂದು ನಯವಾಗಿ ಹೇಳುತ್ತಿತ್ತು. ತಾನೇ ಹೊಲಿದ ಚೀಲ ತನ್ನ ಹೆಂಡತಿಯನ್ನು ತನ್ನಿಂದಲೇ ಮುಚ್ಚಿಡುತ್ತಿದೆ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಅವರ ಫೋನುಗಳಲ್ಲಿ ಇನ್ನೊಂದು ವ್ಯವಸ್ಥೆಯೂ ಇತ್ತು. ಹಿಂದೊಮ್ಮೆ ಜಿಪ್ಪಣ್ಣ ಜಿಪ್ಪಿನ ಸಾಮಾನು ತರಲು ದೊಡ್ಡ ಮಾರುಕಟ್ಟೆಗೆ ಹೋಗಿ ದಾರಿ ತಪ್ಪಿ, ಸಂಜೆಯವರೆಗೆ ಅಲೆದು, ಕೊನೆಗೆ ಯಾರದೋ ಸ್ಕೂಟರಿನ ಹಿಂದೆ ಕೂತು ಮನೆಗೆ ಬಂದಿದ್ದ. ಆಗ ಮದುವೆಯಾಗಿ ಬೇರೆ ಊರಲ್ಲಿದ್ದ ಮಗಳು ಬಂದವಳು, "ಅಪ್ಪ ಕಳೆದುಹೋದ್ರೆ ಅಮ್ಮ ಹುಡುಕಲಿ" ಎಂದು ಇಬ್ಬರ ಫೋನಿಗೂ ನಕ್ಷೆ ಹಾಕಿಕೊಟ್ಟಿದ್ದಳು. ನಕ್ಷೆಯಲ್ಲಿ ಅವಳದೊಂದು ಚುಕ್ಕೆ, ಅವನದೊಂದು ಚುಕ್ಕೆ. ಅವನು ಮತ್ತೆ ಕಳೆದುಹೋಗಲಿಲ್ಲ. ಆದರೆ ಹೆಂಡತಿ ತರಕಾರಿಗೆ ಹೋದಾಗಲೂ ಆ ಚುಕ್ಕೆ ನೋಡುತ್ತಾ ಕೂರುವುದು ಅವನಿಗೆ ಚಟವಾಯಿತು. ಈಗ ವಾರಕ್ಕೆರಡು ಸಂಜೆ ಆ ಚುಕ್ಕೆ ಅಂಚೆ ಕಚೇರಿಯ ಮೂಲೆಯಲ್ಲೇ ನಿಂತುಬಿಡುತ್ತಿತ್ತು.

ಬೆಂಕಿಗೆ ತುಪ್ಪ ಸುರಿಯಲು ಬೀಗದವನಿದ್ದನಲ್ಲ. ಒಂದು ದಿನ ಕೀಲಿ ಉಜ್ಜುತ್ತಾ ಉಜ್ಜುತ್ತಾ ಹೇಳಿದ.

"ಅಣ್ಣಾ, ಅತ್ತಿಗೇನ ನೋಡಿದೆ ಅಂಚೆ ಕಚೇರಿ ಹತ್ರ. ವ್ಯಾನಲ್ಲಿ ಮುಂದಿನ ಸೀಟಲ್ಲೇ ಕೂತಿದ್ರು. ಡ್ರೈವರ್ ಒಳ್ಳೆ ಗುಂಗುರು ಕೂದಲಿನವನು. ಇಬ್ಬರೂ ಬಿದ್ದು ಬಿದ್ದು ನಗ್ತಿದ್ರಪ್ಪ, ಏನು ವಿಷಯವೋ."

"ಅವಳು ಎಲ್ಲರ ಹತ್ರನೂ ನಗ್ತಾಳೆ" ಎಂದ ಜಿಪ್ಪಣ್ಣ.

"ಅದೇ ಅಣ್ಣಾ, ಅದೇ. ನಾನೇನು ಬೇರೆ ಅಂದ್ನಾ?"

ಅಷ್ಟೇ ಸಾಕಾಯಿತು, ತಲೆಯೊಳಗೆ ಹುಳ ಬಿಟ್ಟ ಹಾಗಾಯಿತು. ಅವತ್ತು ಒಂದು ಸೂಟ್‌ಕೇಸಿಗೆ ಜಿಪ್ಪು ತಲೆಕೆಳಗಾಗಿ ಹಾಕಿದ. ಗುಂಗುರು ಕೂದಲು! ತನ್ನ ತಲೆ ಬೋಳಾಗತೊಡಗಿ ಎಷ್ಟೋ ಕಾಲವಾಗಿತ್ತು. ಹೆಂಡತಿ ಮನೆಗೆ ಬಂದಾಗ ಯಾವುದೋ ಹಾಡು ಗುನುಗುತ್ತಿದ್ದಳು. ಅದು ಅವಳು ಹಿಂದೆಂದೂ ಗುನುಗದ ಹಾಡು. ಆ ಮನೆಯ ಹೆಂಗಸರು ಹಾಡುತ್ತಾರೆ, ಕೇಳಿ ಕೇಳಿ ಬಾಯಿಗೆ ಬಂತು ಎಂದಳು. ಬರುತ್ತೆ ಬರುತ್ತೆ, ಎಲ್ಲಾ ಬರುತ್ತೆ ಎಂದು ಅವನು ಮನಸ್ಸಿನಲ್ಲೇ ಹಲ್ಲು ಕಡಿದ. ಅನುಮಾನದವನಿಗೆ ಹಾಡೂ ಸಾಕ್ಷಿ, ಚಪ್ಪಲಿಯೂ ಸಾಕ್ಷಿ. ಹೆಂಡತಿ ಸುಮ್ಮನಿದ್ದಿದ್ದರೆ ಅದೇ ದೊಡ್ಡ ಸಾಕ್ಷಿಯಾಗುತ್ತಿತ್ತು.

ಮಾರನೆಯ ದಿನ ಅವಳು ಮಗಳ ಜೊತೆ ಫೋನಿನಲ್ಲಿ ಮಾತಿಗೆ ಕೂತಿದ್ದಾಗ ಜಿಪ್ಪಣ್ಣ ಒಂದು ಚೀಲ ಹೊಲಿದ. ಹೊರಗೆ ಅದೇ ಕಪ್ಪು ಬಟ್ಟೆ, ಅದೇ ಅಳತೆ. ಒಳಗೆ ಒಂದು ಮಗ್ಗುಲಿಗೆ ಬೆಳ್ಳಿ ಬಟ್ಟೆ, ಇನ್ನೊಂದು ಮಗ್ಗುಲಿಗೆ ಹೆಚ್ಚುಕಡಿಮೆ ಅದೇ ಬಣ್ಣದ, ಲೋಹದ ಎಳೆಯಿಲ್ಲದ ಬರೀ ಬೂದು ಲೈನಿಂಗು. ಬಾಯಿ ತೆರೆದು ಮೇಲಿಂದ ಇಣುಕಿದರೆ ಗೊತ್ತಾಗದ ಹಾಗೆ ಮೇಲಂಚಿಗೆ ಬೆಳ್ಳಿ ಬಟ್ಟೆಯದೇ ಪಟ್ಟಿ ಕೊಟ್ಟ. ಅಂಚನ್ನು ಎಂದಿನಂತೆ ಮಡಚಿ ಮಡಚಿ ಅಂದವಾಗಿ ಹೊಲಿದ. ಕೆಟ್ಟ ಕೆಲಸವನ್ನೂ ಕೆಟ್ಟದಾಗಿ ಮಾಡಲು ಆ ಕೈಗೆ ಬರುತ್ತಿರಲಿಲ್ಲ. ಹೆಂಡತಿ ಕರೆ ಮಾಡಿ ಪರೀಕ್ಷೆ ಮಾಡಿದ್ದು ಒಳ್ಳೆಯ ಚೀಲವನ್ನು. ಅವಳ ಕೈಚೀಲದೊಳಗೆ ಹೋದದ್ದು ಇದು. "ಹಳೇದರ ಬಾಯಿಯ ವೆಲ್ಕ್ರೋ ಹೋಗಿದೆ, ಹೊಸದು ಇಟ್ಕೋ" ಎಂದ. ಅವಳ ಮುಖ ಅರಳಿತು. "ಅಬ್ಬಾ, ಕೊನೆಗೂ ಸಿಟ್ಟು ಇಳೀತಾ?" ಎಂದಳು.

ಇದರಿಂದ ಬೇರೆಯವರಿಗೇನು ತೊಂದರೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಅವಳ ಚೀಲ ಅವಳದು, ಅವಳ ಫೋನು ಅವಳದು. ನೋಡುವವನು ಗಂಡ. ಇದು ಅನುಮಾನ ಅಲ್ಲ, ಚಿಂತೆ ಅಷ್ಟೇ. ಹೆಂಗಸು ಹೊರಗೆ ಹೋದಾಗ ಗಂಡನಿಗೆ ಚಿಂತೆ ಇರುವುದಿಲ್ಲವೇ?

ಆ ಸಂಜೆ ಚುಕ್ಕೆ ಅಂಚೆ ಕಚೇರಿಯ ಮೂಲೆಯಲ್ಲಿ ನಿಲ್ಲಲಿಲ್ಲ. ದೊಡ್ಡ ರಸ್ತೆಗೆ ಇಳಿಯಿತು, ರೈಲು ಹಳಿ ದಾಟಿತು, ಒಂದು ಲಾಂಡ್ರಿಯ ಹಿಂದಿನ ಗಲ್ಲಿಗೆ ತಿರುಗಿ ಕೂತಿತು. ಜಿಪ್ಪಣ್ಣ ಹೊಲಿಗೆ ಬಿಟ್ಟು, ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳಿಸಿ, ಅವಳು ವಾಪಸ್ಸು ಹೊರಡುವವರೆಗೂ ಆ ಚುಕ್ಕೆಯನ್ನೇ ಕಣ್ಣು ಮಿಟುಕಿಸದೆ ನೋಡಿದ. ನೋಡಿದರೆ ನೆಮ್ಮದಿಯಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಚುಕ್ಕೆ ಎಲ್ಲಿದೆ ಎಂದು ಗೊತ್ತಾಯಿತೇ ಹೊರತು ಯಾರ ಜೊತೆ ಇದೆ ಎಂದು ಗೊತ್ತಾಗಲಿಲ್ಲವಲ್ಲ. ಮುಂದಿನ ಸಲ ಹೋಗಿ ಕಣ್ಣಾರೆ ನೋಡಿಬಿಡುವುದೆಂದು ತೀರ್ಮಾನಿಸಿದ.

ಮುಂದಿನ ಸಲ ಅವಳು ಹೊರಟ ಸ್ವಲ್ಪ ಹೊತ್ತಿಗೆ ಚುಕ್ಕೆ ಮತ್ತೆ ಅಂಚೆ ಕಚೇರಿಯ ಮೂಲೆಯಲ್ಲೇ ನಿಂತಿತು. ಅಲುಗಲೇ ಇಲ್ಲ. ಜಿಪ್ಪಣ್ಣ ಹೊಲಿಗೆ ನಿಲ್ಲಿಸಿದ. ಗೊತ್ತಾಗಿಬಿಟ್ಟಿತಾ? ಫೋನು ಬೇಕೆಂದೇ ಆಫ್ ಮಾಡಿದಳಾ? ಇವತ್ತೇ ಯಾಕೆ? ಅಂಗಡಿಯ ಬಾಗಿಲು ಎಳೆದು ಬಸ್ಸು ಹತ್ತಿದ. ದಾರಿ ಹೇಗೂ ಬಾಯಿಪಾಠವಾಗಿತ್ತು. ಬಸ್ಸಿನಲ್ಲಿ ನಿಂತು ಆ ಗುಂಗುರು ಕೂದಲಿನವನಿಗೆ ಹೇಳಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡ. 'ಯಾರಯ್ಯ ನೀನು? ಕಂಡವರ ಹೆಂಡತಿ ಹಿಂದೆ ಬೀಳೋಕೆ ನಾಚಿಕೆ ಆಗಲ್ವಾ? ನಾನು ಬದುಕಿದ್ದೀನೋ ಸತ್ತಿದ್ದೀನೋ ಅಂದ್ಕೊಂಡೆ?' ಪಕ್ಕದಲ್ಲಿ ನಿಂತಿದ್ದವರು ಇವನ ತುಟಿ ಅಲ್ಲಾಡುವುದನ್ನು ನೋಡಿ ಒಂದಿಷ್ಟು ಸರಿದು ನಿಂತರು.

ಲಾಂಡ್ರಿಯ ಹಿಂದಿನ ಗಲ್ಲಿಯಲ್ಲಿ ಸೋಪಿನ ವಾಸನೆ. ಎತ್ತರದ ಕಾಂಪೌಂಡು, ಒಂದು ನೀಲಿ ಗೇಟು, ಹೆಸರು ಹಲಗೆ ಇಲ್ಲ. ಜಿಪ್ಪಣ್ಣ ಗೇಟಿನ ಸಂದಿಯಲ್ಲಿ ಇಣುಕಿದ. ಅಂಗಳದಲ್ಲಿ ವ್ಯಾನು ನಿಂತಿತ್ತು. ಡ್ರೈವರು ವ್ಯಾನಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ, ಒಬ್ಬನೇ. ಒಳಗಿನಿಂದ ಹೊಲಿಗೆ ಮೆಷಿನ್ನಿನ ಸದ್ದು ಬರುತ್ತಿತ್ತು. ತಡೆದು, ತಡೆದು, ಆಮೇಲೆ ಸಾಲಿನ ಕೊನೆಯಲ್ಲಿ ಒಮ್ಮೆ ಜೋರಾಗಿ ತುಳಿಯುವುದು. ಆ ಕಾಲು ಯಾರದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವಳು ಹೇಳಿದ ಕೆಲಸವನ್ನೇ, ಹೇಳಿದ ಹಾಗೇ ಮಾಡುತ್ತಿದ್ದಳು. ಇಷ್ಟು ದಿನ ಹೊಟ್ಟೆಯಲ್ಲಿದ್ದ ಕೆಂಡ ಆರಿತು, ಅದರ ಜಾಗದಲ್ಲಿ ನಾಚಿಕೆ ಬಂದು ಕೂತಿತು. ಯಾರ ಕಣ್ಣಿಗೂ ಬೀಳದೆ ಹೋಗಿಬಿಡೋಣ ಎಂದು ತಿರುಗಿದ.

ತಿರುಗಿದರೆ ಹಿಂದೆ ಒಬ್ಬ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಒಂದು ಕೈಯಲ್ಲಿ ಸೇಬಿನ ಚೀಲ, ಇನ್ನೊಂದರಲ್ಲಿ ಫೋನು.

"ಇಲ್ಲಿ ಹೆಂಗಸರ ಹಾಸ್ಟೆಲ್ ಯಾವುದು ಗೊತ್ತಾ ಸಾರ್?" ತುಂಬಾ ಮರ್ಯಾದೆಯಿಂದ ಕೇಳಿದ. "ನಮ್ಮವಳು ಇಲ್ಲೇ ಎಲ್ಲೋ ಇದ್ದಾಳೆ ಅಂತ ತೋರಿಸ್ತಿದೆ."

ಫೋನನ್ನು ಜಿಪ್ಪಣ್ಣನ ಮುಖದ ಮುಂದೆ ಹಿಡಿದ. ರೈಲು ಹಳಿ, ಲಾಂಡ್ರಿ, ಗಲ್ಲಿ. ಗಲ್ಲಿಯಲ್ಲಿ ಒಂದು ಚುಕ್ಕೆ.

"ಮನೇಲಿ ಸಣ್ಣ ಮಾತಾಯ್ತು, ಬೆಳಗ್ಗೆ ಹೊರಟು ಬಂದಿದ್ದಾಳೆ. ಮಧ್ಯಾಹ್ನ ಇಡೀ ಬಸ್ ಸ್ಟ್ಯಾಂಡಲ್ಲಿ ತೋರಿಸ್ತಿತ್ತು, ಆಮೇಲೆ ಇಲ್ಲಿಗೆ ಬಂತು. ಅನುಮಾನ ಅಂತ ಅಲ್ಲ ಸಾರ್" ಎಂದು ಅವನು ನಕ್ಕ. "ಚಿಂತೆ ಅಷ್ಟೇ. ಗಂಡ ಅಂದಮೇಲೆ ಚಿಂತೆ ಇರಲ್ವಾ?"

ಸೇಬಿನ ಚೀಲ ಹಿಡಿದ ಕೈಯ ಗೆಣ್ಣುಗಳ ಚರ್ಮ ಹೊಸದಾಗಿ ಕಿತ್ತು ಹೋಗಿತ್ತು. ಜಿಪ್ಪಣ್ಣ ಮತ್ತೆ ಆ ಚುಕ್ಕೆಯನ್ನು ನೋಡಿದ. ವ್ಯಾನಿನಲ್ಲಿ ಬಂದವಳ ಫೋನು ಚೀಲದಲ್ಲಿರಲೇಬೇಕು. ಚೀಲದಲ್ಲಿದ್ದ ಫೋನು ಮಾತಾಡಬಾರದು. ಮಾತಾಡುವ ಚೀಲ ಈ ಭೂಮಿಯ ಮೇಲೆ ಒಂದೇ ಒಂದಿತ್ತು. ಅದು ಇವತ್ತು ಯಾವ ಹೆಂಗಸಿನ ಕೈಯಲ್ಲಿದೆ, ತನ್ನ ಹೆಂಡತಿಯ ಚುಕ್ಕೆ ಯಾಕೆ ನಿಂತಿತು ಎನ್ನುವುದೆಲ್ಲ ಅವನಿಗೆ ಒಮ್ಮೆಲೇ ಹೊಳೆಯಿತು. ಚೀಲವಿಲ್ಲದೆ ಬಂದವಳಿಗೆ ಇವಳು ತನ್ನದನ್ನು ಕೊಟ್ಟು, ತನ್ನ ಫೋನು ಆಫ್ ಮಾಡಿದ್ದಾಳೆ.

"ಇಲ್ಲಿ ಯಾವ ಹಾಸ್ಟೆಲ್ಲೂ ಇಲ್ಲ" ಎಂದ.

"ಇದೆ ಸಾರ್" ಎಂದ ಅವನು, ನಗು ಹಾಗೇ ಇಟ್ಟುಕೊಂಡು. "ಇದೇ ಗೇಟು." ಸೇಬಿನ ಚೀಲ ಕೆಳಗಿಟ್ಟು ಅಗುಳಿಗೆ ಕೈ ಹಾಕಿದ.

ಒಳಗಿದ್ದವರಿಗೆ ತಿಳಿಸುವುದು ಹೇಗೆ? ಹೆಂಡತಿಗೆ ಕರೆ ಹೋಗುವುದಿಲ್ಲ. ಒಳಗಿನ ಒಂದು ಫೋನೂ ಕೂಗುವುದಿಲ್ಲ, ಅಷ್ಟು ಚೆನ್ನಾಗಿ ಹೊಲಿದವನು ಇವನೇ. ಓಡಿ ಎಂದು ಕಿರುಚಿದರೆ ಇವನ ಹೆಂಡತಿ ಒಳಗಿದ್ದಾಳೆ ಎಂದು ತಾನೇ ತೋರಿಸಿಕೊಟ್ಟಂತೆ. ಜಿಪ್ಪಣ್ಣ ಒಂದು ಕ್ಷಣ ಬಾಯಿ ತೆರೆದು ನಿಂತ. ತೆರೆದ ಬಾಯಿಯಲ್ಲಿ, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತುಗಳು ಸಿದ್ಧವಾಗಿಯೇ ಇದ್ದವು. ಸೇಬಿನ ಚೀಲದವನ ಅಂಗಿಯ ಕಾಲರು ಹಿಡಿದು ಎಳೆದ.

"ಯಾರಯ್ಯ ನೀನು? ನನ್ನ ಮನೆ ಗೇಟು ತೆಗೀತೀಯಾ? ಕಂಡವರ ಹೆಂಡತಿ ಹಿಂದೆ ಬೀಳೋಕೆ ನಾಚಿಕೆ ಆಗಲ್ವಾ? ದಿನಾ ಇಲ್ಲಿ ಬಂದು ಇಣುಕೋನು ನೀನೇನಾ? ನಾನು ಬದುಕಿದ್ದೀನೋ ಸತ್ತಿದ್ದೀನೋ ಅಂದ್ಕೊಂಡೆ?"

ಗಲ್ಲಿ ನಡುಗುವ ಹಾಗೆ ಕೂಗಿದ. ಇಷ್ಟು ವರ್ಷ ನುಂಗಿದ್ದೆಲ್ಲ ಒಂದೇ ಸಲಕ್ಕೆ ಹೊರಗೆ ಬಂತು. ಹಾಲಿನವನಿಗೆ ಆಡದ ಮಾತು, ಸುದ್ದಿ ಓದುವವನಿಗೆ ಆಡಲಾಗದ ಮಾತು, ಎಲ್ಲವೂ ಸೇಬಿನವನ ತಲೆಯ ಮೇಲೆ ಸುರಿಯಿತು. ಒಳಗೆ ಮೆಷಿನ್ನಿನ ಸದ್ದು ಥಟ್ಟನೆ ನಿಂತಿತು. ಲಾಂಡ್ರಿಯವರು ಒದ್ದೆ ಕೈಯಲ್ಲೇ ಹೊರಗೆ ಬಂದರು. ಸೇಬಿನವನ ಮರ್ಯಾದೆ ಅಲ್ಲಿಗೆ ಮುಗಿಯಿತು. ಒಂದೇ ಗುದ್ದಿಗೆ ಜಿಪ್ಪಣ್ಣನ ತುಟಿ ಒಡೆಯಿತು. ಆದರೂ ಅವನು ಕಾಲರು ಬಿಡಲಿಲ್ಲ. "ಹೆಂಡತಿ ವಿಷಯ ಕಣ್ರಪ್ಪ, ಬಿಡಬೇಡಿ" ಎಂದು ಲಾಂಡ್ರಿಯವರನ್ನು ಕರೆದ. ಹೆಂಡತಿ ವಿಷಯ ಅಂದರೆ ಯಾವ ಗಂಡಸು ಸುಮ್ಮನಿರುತ್ತಾನೆ? ನಾಲ್ಕು ಜನ ಸೇರಿ ಸೇಬಿನವನನ್ನು ಗೋಡೆಗೆ ಒತ್ತಿ ಹಿಡಿದರು. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಹೊಸಬಳನ್ನು ಲಾಂಡ್ರಿಯ ಬಟ್ಟೆಗಾಡಿಯಲ್ಲಿ ಕೂರಿಸಿ ಕಳಿಸಿಯಾಗಿತ್ತು. ಪೊಲೀಸರು ಬಂದಾಗ ಗಲ್ಲಿಯ ತುಂಬ ಸೇಬು ಉರುಳಾಡುತ್ತಿದ್ದವು.

ವಕೀಲಮ್ಮ ಬಂದವರೇ ಜಿಪ್ಪಣ್ಣನನ್ನು ಹೊಲಿಗೆ ಕೋಣೆಯಲ್ಲಿ ಕೂರಿಸಿ, ತುಟಿಗೆ ಹತ್ತಿ ಹಚ್ಚಿದರು. "ನೀವಿಲ್ಲದಿದ್ರೆ ಇವತ್ತು ಏನಾಗ್ತಿತ್ತೋ" ಎಂದರು. ಹೆಂಗಸರೆಲ್ಲ ಅವನನ್ನು ದೇವರನ್ನು ನೋಡುವ ಹಾಗೆ ನೋಡುತ್ತಿದ್ದರು. ಹೆಂಡತಿ ಮಾತ್ರ ಒಂದು ಮೂಲೆಯಲ್ಲಿ ನಿಂತಿದ್ದಳು. ಅವಳ ಕೈಯಲ್ಲಿ ಹೊಸಬಳು ಬಿಟ್ಟುಹೋದ ಚೀಲ ಇತ್ತು.

"ಇದೊಂದು ಅರ್ಥವಾಗ್ತಿಲ್ಲ" ಎಂದರು ವಕೀಲಮ್ಮ. "ಚೀಲದಲ್ಲಿದ್ದ ಫೋನು ಹೇಗೆ ಸಿಕ್ಕಿತು ಅವನಿಗೆ?"

ಹೆಂಡತಿ ಚೀಲದೊಳಗೆ ಬೆರಳು ಹಾಕಿ, ಅದನ್ನು ಪೂರ್ತಿ ಒಳಹೊರಗು ಮಾಡಿದಳು. ಒಂದು ಮಗ್ಗುಲು ಬೆಳ್ಳಿ, ಒಂದು ಮಗ್ಗುಲು ಬೂದು. ಅಂಚಿನ ಹೊಲಿಗೆಯ ಮೇಲೆ ಬೆರಳು ಆಡಿಸಿದಳು, ಮೇಲಿನ ಪಟ್ಟಿಯ ಮೇಲೂ ಆಡಿಸಿದಳು. ತಪ್ಪಿ ಆದ ಕೆಲಸಕ್ಕೆ ಅಷ್ಟು ಅಂದದ ಮಡಿಕೆ ಇರುವುದಿಲ್ಲ. ಬಂದು ಅದನ್ನು ಗಂಡನ ತೊಡೆಯ ಮೇಲಿಟ್ಟಳು.

"ಹೇಳಿ" ಎಂದಳು.

ಜಿಪ್ಪಣ್ಣ ಹೇಳಿದ. ಭೂಮಿ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು, ಆದರೂ ಒಂದನ್ನೂ ಬಿಡದೆ ಹೇಳಿದ. ಕೋಣೆಯಲ್ಲಿ ಯಾರೂ ಬಯ್ಯಲಿಲ್ಲ. ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಅವನ ಕಡೆ ನೋಡದೆ, ತಮ್ಮ ತಮ್ಮ ಬಟ್ಟೆ ಗಂಟು ಕಟ್ಟಲು ಹೋದರು. ವಿಳಾಸ ಒಬ್ಬನಿಗೆ ಗೊತ್ತಾದ ಮೇಲೆ ಆ ಮನೆಯಲ್ಲಿ ಅವರು ಇನ್ನು ಇರುವ ಹಾಗಿರಲಿಲ್ಲ. ಒಬ್ಬಳು ಮಗುವನ್ನು ಎತ್ತಿಕೊಂಡು ಹೋಗುತ್ತಾ, ಅವನು ಕೂತ ಕುರ್ಚಿಯನ್ನು ಬಳಸಿಕೊಂಡು ಗೋಡೆಗೆ ಒತ್ತಿ ನಡೆದಳು. ತುಟಿಗೆ ಬಿದ್ದ ಪೆಟ್ಟಿಗಿಂತ ಜಿಪ್ಪಣ್ಣನಿಗೆ ನೋವಾದದ್ದು ಅದು.

"ಇನ್ನು ಮೇಲೆ ಚೀಲ ಇವರು ಹೊಲೀತಾರೆ" ಎಂದು ವಕೀಲಮ್ಮ ಹೆಂಡತಿಯ ಕಡೆ ಕೈ ತೋರಿಸಿದರು. "ನೀವು ಮುಟ್ಟಬೇಡಿ." ಅಷ್ಟೇ ಹೇಳಿದ್ದು.

ಮನೆಗೆ ಬರುವಾಗ ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ ಕೂರಲಿಲ್ಲ. ರೈಲು ಹಳಿ ದಾಟಿದ ಮೇಲೆ ಕೇಳಿದಳು.

"ಆ ಡ್ರೈವರ್ ಹುಡುಗನ ಹತ್ರ ಏನು ನಗ್ತಿದ್ದೆ ಅಂತ ತಾನೇ ನಿಮಗೆ ಬೇಕಾಗಿರೋದು?"

ಅವನು ಬಸ್ಸಿನ ಟಿಕೆಟ್ಟನ್ನು ಮಡಚಿ, ಮತ್ತೊಮ್ಮೆ ಮಡಚಿದ.

"ನಿಮ್ಮ ಕಥೇನೇ ಹೇಳ್ತಿದ್ದೆ. ನೀವು ಅಂಗಿ ತೋಳನ್ನೂ ಸೇರಿಸಿ ಸ್ಕೂಲ್ ಬ್ಯಾಗ್ ಹೊಲಿದು, ಬ್ಯಾಗ್ ಸಮೇತ ಊಟಕ್ಕೆ ಬಂದಿದ್ದು. ನಮ್ಮನೆಯವರು ಹೀಗೆ ಅಂತ ಹೇಳ್ಕೊಳ್ಳೋಕೆ ನನಗೆ ಇಷ್ಟ ಇತ್ತು." ಇತ್ತು ಎಂದಳು, ಇದೆ ಎನ್ನಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವಳು ತನ್ನ ಮೆಷಿನ್ನನ್ನು ತಾನೇ ಎಳೆದುಕೊಂಡು ಬಂದು ಬಾಗಿಲ ಬಳಿ ಹಾಕಿಕೊಂಡಳು. ಜಿಪ್ಪಣ್ಣ ತನ್ನದನ್ನು ಒಳಗೆ, ಬಲ್ಬಿನ ಕೆಳಗೆ ಸರಿಸಿದ. ಬೀಗದವನು ಬಂದು, "ಅಣ್ಣಾ, ಏನೋ ದೊಡ್ಡ ಹೊಡೆದಾಟ ಮಾಡಿದ್ರಂತೆ, ಹುಲಿ ಬಿಡಿ ನೀವು" ಎಂದರೆ, ಈ ಹುಲಿ ಜಿಪ್ಪಿನ ರನ್ನರಿಗೆ ಮೇಣ ತಿಕ್ಕುತ್ತಾ ಸುಮ್ಮನೆ ಕೂತಿತ್ತು. ಚೀಲಗಳು ಅವಳ ಕೈಯಲ್ಲಿ ಬೇಗ ಬೇಗ ಮುಗಿಯುತ್ತಿದ್ದವು. ಪರೀಕ್ಷೆಗೆ ಈಗ ಅವಳ ಫೋನು ಚೀಲದೊಳಗೆ, ಕರೆ ಮಾಡುವವನು ಅವನು.

"ಸಿಗ್ತಿಲ್ಲ" ಎಂದು ಅವನು ಒಳಗಿನಿಂದ ಹೇಳುವನು.

"ಸರಿ" ಎನ್ನುವಳು ಅವಳು. ಅಷ್ಟೇ, ಮುಂದಿನ ಮಾತು ಇಲ್ಲ.

ಹೆಂಗಸರಿಗೆ ಬೇರೆಲ್ಲೋ ಹೊಸ ಮನೆ ಸಿಕ್ಕಿತು. ಅವಳು ಮತ್ತೆ ಹೊರಟಳು. ಮೊದಲ ಸಂಜೆ ತಲೆ ಬಾಚಿ, ಒಳ್ಳೆಯ ಚಪ್ಪಲಿ ಮೆಟ್ಟಿ, ಗಂಡನ ಮೆಷಿನ್ನಿನ ಹತ್ತಿರ ಬಂದಳು. ಕೈಚೀಲದಿಂದ ಫೋನು ತೆಗೆದು, ಅವನು ಹೊಲಿಯುತ್ತಿದ್ದ ಬ್ಯಾಗಿನ ಮೇಲೆ ಇಟ್ಟಳು. ಚೀಲ ಇಲ್ಲ, ಏನಿಲ್ಲ, ಆನ್ ಆಗಿಯೇ ಇತ್ತು.

"ಇದು ನಿಮ್ಮ ಹತ್ರನೇ ಇರಲಿ" ಎಂದಳು. "ಬೇಕಾದಷ್ಟು ನೋಡ್ಕೊಳ್ಳಿ."

ಅವಳು ಬೀದಿಗೆ ಇಳಿದು, ಅಂಚೆ ಕಚೇರಿಯ ಕಡೆಗೋ ಬೇರೆ ಕಡೆಗೋ, ತಿರುಗಿಹೋದಳು. ಜಿಪ್ಪಣ್ಣ ಎದ್ದು ಬಾಗಿಲವರೆಗೆ ಹೋಗಲಿಲ್ಲ. ಸ್ವಲ್ಪ ಹೊತ್ತು ಪೆಡಲ್ ತುಳಿದ. ಹಳೆಯ ಚಟ ಬಿಡಲಿಲ್ಲ. ತನ್ನ ಫೋನು ತೆಗೆದು ನಕ್ಷೆ ನೋಡಿದ. ಅವನ ಚುಕ್ಕೆ ಅಂಗಡಿಯಲ್ಲಿತ್ತು. ಅವಳ ಚುಕ್ಕೆಯೂ ಅಂಗಡಿಯಲ್ಲೇ ಇತ್ತು, ಅವನದಕ್ಕೆ ಅಂಟಿಕೊಂಡು, ಒಂದು ಕೂದಲೆಳೆಯಷ್ಟೂ ಅಂತರವಿಲ್ಲದೆ. ಜೀವಮಾನವಿಡೀ ಅವನು ಬಯಸಿದ್ದು ಅದನ್ನೇ. ಬಾಗಿಲ ಬಳಿಯ ಮೆಷಿನ್ನಿನ ಮುಂದೆ ಖಾಲಿ ಸ್ಟೂಲು ಇತ್ತು. ಜಿಪ್ಪಣ್ಣ ನಕ್ಷೆ ಮುಚ್ಚಿ, ಅವಳು ಬರುವುದನ್ನು ಕಾಯುತ್ತಾ ಕೂತ.